ಕಾರೊಳಗೆ ಇರೋದೆಲ್ಲ ಯಾತಕ್ಕೆ? ಪದೇ ಪದೇ ಕೇಳೋ ಪ್ರಶ್ನೆಗಳು

ಹೊಸ ಕಾರ್ ತಗೊಂಡವರು, ಸೆಕೆಂಡ್ ಹ್ಯಾಂಡ್ ಹುಡುಕ್ತಿರೋರು, ಎಷ್ಟೋ ವರ್ಷದಿಂದ ಓಡಿಸ್ತಿದ್ರೂ ಕೆಲವು ಬಟನ್ ಮುಟ್ಟೇ ನೋಡದವರು, ಎಲ್ರೂ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆ. ಕೇಳಿದವರ ಮಾತಲ್ಲೇ ಇಟ್ಟಿದೀನಿ. ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ: ಕಂಪನಿಯವರು ಕೊಟ್ಟಿದ್ದು ಸಾಲ್ದೆ ಆಗೋ ತೊಂದ್ರೆಗಿಂತ, ಅದ್ರ ಮೇಲೆ ನಾವು ಹೇರೋದ್ರಿಂದ ಆಗೋ ತೊಂದ್ರೆನೇ ಜಾಸ್ತಿ.

## ಹೊಸಬರಿಗೆ

ಕೀ ಆನ್ ಮಾಡಿದ ತಕ್ಷಣ ಮೀಟರಲ್ಲಿ ಎಲ್ಲಾ ಲೈಟೂ ಹತ್ಕೊಂಡ್ಬಿಡತ್ತೆ, ಗಾಡಿ ಏನಾದ್ರೂ ಕೆಟ್ಟಿದ್ಯಾ?

ಇಲ್ಲ, ಗಾಡಿ ತನ್ನನ್ನ ತಾನೇ ಚೆಕ್ ಮಾಡ್ಕೊಳ್ತಾ ಇರತ್ತೆ. ಕೆಲವು ಸೆಕೆಂಡ್ ಹತ್ತಿ, ಇಂಜಿನ್ ಸ್ಟಾರ್ಟ್ ಆದ್ಮೇಲೆ ಒಂದೊಂದಾಗಿ ಆರಬೇಕು. ಆರದೆ ಉಳಿದಿದ್ದರ ಬಣ್ಣ ನೋಡಿ. ಹಸಿರು, ನೀಲಿ ಇದ್ರೆ ಯಾವುದೋ ಲೈಟ್ ಆನ್ ಇದೆ ಅಂತಷ್ಟೇ. ಹಳದಿ ಅಂದ್ರೆ ಸದ್ಯಕ್ಕೆ ಓಡತ್ತೆ, ಬೇಗ ತೋರಿಸಿ ಅಂತ. ಹಳದಿ ಇಂಜಿನ್ ಲೈಟ್ ಮಿಣುಕ್ತಾ ಇದ್ರೆ ಮಾತ್ರ ಅಷ್ಟು ಸಲೀಸಾಗಿ ತಗೋಬೇಡಿ, ನಿಧಾನ ಮಾಡಿ ಸೈಡಿಗೆ ಹಾಕಿ.

ಕೆಂಪಲ್ಲಿ ಹ್ಯಾಂಡ್‌ಬ್ರೇಕು, ಸೀಟ್‌ಬೆಲ್ಟ್ ಬಿಡಿ, ಅದು ನಿಮ್ಮ ಕೈಯಲ್ಲೇ ಇದೆ. ಆದ್ರೆ ಎಣ್ಣೆ ಕ್ಯಾನ್ ಚಿತ್ರ, ಥರ್ಮಾಮೀಟರ್ ಚಿತ್ರ ಎರಡ್ರಲ್ಲಿ ಯಾವ್ದೇ ಕೆಂಪಾಗಿ ಬಂದ್ರೂ ಜಾಗ ನೋಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಮುಂದಿನ ಊರಲ್ಲೇ ಮೆಕ್ಯಾನಿಕ್ ಇದಾನೆ, ಅಲ್ಲಿವರ್ಗೂ ಹೋಗ್ಬಿಡೋಣ ಅಂತ ಓಡಿಸ್ಕೊಂಡು ಹೋದವರೇ ಆಮೇಲೆ ಇಂಜಿನ್ ಬಿಚ್ಚಿಸೋದು. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೀಬೇಡಿ, ಕುದಿಯೋ ನೀರು ಮುಖಕ್ಕೇ ಚಿಮ್ಮತ್ತೆ.

ಸೀಟು ಎಷ್ಟು ಹಿಂದೆ ಮುಂದೆ ಇರ್ಬೇಕು? ನಾನು ಸ್ಟೇರಿಂಗಿಗೆ ಅಂಟ್ಕೊಂಡು ಕೂತ್ರೇನೇ ನಂಗೆ ಧೈರ್ಯ

ಧೈರ್ಯ ಬಾನೆಟ್ ಕಾಣಿಸ್ದಾಗ ಬರೋದು, ಹಾಗಾಗಿ ಮುಂದೆ ಬರೋ ಬದ್ಲು ಸೀಟನ್ನ ಮೇಲಕ್ಕೆ ಎತ್ತಿ. ಕ್ಲಚ್ ಪೂರ್ತಿ ಒತ್ತಿದಾಗ್ಲೂ ಮಂಡಿ ಸ್ವಲ್ಪ ಮಡಚಿರ್ಬೇಕು, ಬೆನ್ನು ಸೀಟಿಗೆ ತಾಗಿರೋ ಹಾಗೇ ಮಣಿಕಟ್ಟು ಸ್ಟೇರಿಂಗ್ ಮೇಲ್ತುದಿಗೆ ಮುಟ್ಬೇಕು. ಎದೆಗೂ ಸ್ಟೇರಿಂಗ್ ನಡುಭಾಗಕ್ಕೂ ಕಮ್ಮಿ ಅಂದ್ರೂ 25 ಸೆಂಟಿಮೀಟರ್ ಬಿಡಿ, ಯಾಕಂದ್ರೆ ಏರ್‌ಬ್ಯಾಗ್ ಉಬ್ಬಿಕೊಳ್ಳೋಕೆ ಜಾಗ ಬೇಕು. ಗಡಿಯಾರದ 9 ಮತ್ತು 3ರ ಜಾಗದಲ್ಲಿ ಕೈ ಇಟ್ಕೊಳ್ಳಿ, ಮಧ್ಯದ ಮೇಲೆ ಕೈ ಅಡ್ಡ ಹಾಕ್ಕೊಂಡು ಓಡಿಸಿದ್ರೆ ಏರ್‌ಬ್ಯಾಗ್ ಹೊಡೆಯೋದು ನಿಮ್ಮ ಕೈಯನ್ನ, ಕೈ ಹೊಡೆಯೋದು ನಿಮ್ಮ ಮುಖವನ್ನ.

ಹೆಡ್‌ರೆಸ್ಟ್ ತಲೆ ಇಟ್ಟು ಮಲಗೋಕಲ್ಲ. ಹಿಂದಿಂದ ಯಾರಾದ್ರೂ ಗುದ್ದಿದಾಗ ಕತ್ತು ಹಿಂದಕ್ಕೆ ಮುರ್ಕೊಳ್ಳದೆ ಇರ್ಲಿ ಅಂತ. ಅದ್ರ ಮೇಲ್ತುದಿ ತಲೆಯ ನೆತ್ತಿ ಮಟ್ಟಕ್ಕೆ ಬರೋ ಹಾಗೆ ಎತ್ತಿ.

ಪೆಟ್ರೋಲ್ ಮುಚ್ಚಳ ಯಾವ ಕಡೆ ಅಂತ ಬಂಕಲ್ಲಿ ಪ್ರತಿ ಸಲ ಕನ್ಫ್ಯೂಸ್ ಆಗತ್ತೆ

ಮೀಟರಲ್ಲಿ ಪೆಟ್ರೋಲ್ ಪಂಪಿನ ಚಿತ್ರದ ಪಕ್ಕ ಪುಟ್ಟ ತ್ರಿಕೋನ ಇರತ್ತೆ, ಅದು ಯಾವ ಕಡೆ ತೋರಿಸ್ತಿದ್ಯೋ ಮುಚ್ಚಳ ಆ ಕಡೆ. ತುಂಬಾ ಹಳೇ ಗಾಡಿ ಬಿಟ್ರೆ ಬಹುತೇಕ ಎಲ್ಲದ್ರಲ್ಲೂ ಇರತ್ತೆ.

ಹೆಡ್‌ಲೈಟ್ ಸ್ವಿಚ್ ಹತ್ರ 0, 1, 2, 3 ಅಂತ ಒಂದು ಸಣ್ಣ ಚಕ್ರ ಇದೆಯಲ್ಲ, ಅದೇನು?

ಹಿಂದೆ ಮೂರು ಜನ ಕೂತು ಡಿಕ್ಕಿ ತುಂಬಾ ಲಗೇಜ್ ಹಾಕಿದ್ರೆ ಗಾಡಿ ಹಿಂಭಾಗ ಕುಸಿದು ಹೆಡ್‌ಲೈಟ್ ಆಕಾಶ ನೋಡತ್ತೆ, ಎದುರಿಂದ ಬರೋರ ಕಣ್ಣಿಗೆ ಹೊಡಿಯತ್ತೆ. ನಂಬರ್ ಜಾಸ್ತಿ ಮಾಡಿದಷ್ಟೂ ಬೆಳಕು ಕೆಳಗೆ ಇಳಿಯತ್ತೆ. ಒಬ್ರೇ ಇದ್ದಾಗ 0. ಇದೇ ಸಾಲಿಗೆ ಇನ್ನೊಂದು: ಒಳಗಿನ ಕನ್ನಡಿ ಕೆಳಗಿರೋ ಸಣ್ಣ ಲಿವರ್ ರಾತ್ರಿಗೆ, ಹಿಂದಿನ ಲಾರಿ ಲೈಟ್ ಕಣ್ಣು ಚುಚ್ಚಿದಾಗ ಎಳ್ಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕಾರ್ ನೋಡೋಕೆ ಹೋದಾಗ ಒಳಗೆ ಕೂತು ಏನ್ ನೋಡ್ಬೇಕು?

ಮೊದ್ಲು ಸೀಟ್‌ಬೆಲ್ಟ್ ಹಿಡ್ಕೊಂಡು ಕೊನೇವರೆಗೂ ಎಳೀರಿ, ಯಾರೂ ಎಳೆಯಲ್ಲ ಅನ್ನೋ ಧೈರ್ಯದಲ್ಲೇ ಮಾರೋರು ಇರೋದು. ಮೇಲೆ ಒರೆಸಿ ಫಳಫಳ ಮಾಡಿದ್ರೂ ಪಟ್ಟಿಯ ಬುಡದಲ್ಲಿ ಕೆಸರಿನ ಗೆರೆ, ಬೂಷ್ಟಿನ ಚುಕ್ಕೆ ಇದ್ರೆ ಗಾಡಿ ನೀರಲ್ಲಿ ನಿಂತಿತ್ತು ಅಂತ ಅರ್ಥ. ಮ್ಯಾಟ್ ಎತ್ತಿ ಮೂಸಿ ನೋಡಿ, ಸೀಟ್ ಕೆಳಗಿನ ರೈಲಿಗೆ ತುಕ್ಕು ಹಿಡಿದಿದ್ಯಾ ಅಂತ ಮೊಬೈಲ್ ಟಾರ್ಚ್ ಹಾಕಿ ನೋಡಿ.

ಆಮೇಲೆ ಏರ್‌ಬ್ಯಾಗ್ ಲೈಟ್. ಕೀ ಆನ್ ಮಾಡಿದಾಗ ಹತ್ತಿ ಆರಬೇಕು. ಹತ್ತೇ ಇಲ್ಲ ಅಂದ್ರೆ ಖುಷಿ ಪಡ್ಬೇಡಿ, ಏರ್‌ಬ್ಯಾಗ್ ಒಡೆದು ಹೋದ್ಮೇಲೆ ಹೊಸದು ಹಾಕ್ದೆ ಲೈಟನ್ನೇ ಕಿತ್ತಿರೋ ಸಾಧ್ಯತೆ ಇದೆ. ಓಡೋಮೀಟರ್ 30 ಸಾವಿರ ಅಂತಿದ್ದು ಪೆಡಲ್ ರಬ್ಬರ್ ಮಾತ್ರ ಸವೆದು ನುಣ್ಣಗಾಗಿದ್ರೆ ಪೆಡಲನ್ನ ನಂಬಿ.

## ಎಸಿ, ವಾಸನೆ, ಇಲಿ

ಎಸಿ ಹತ್ರ ಕಾರೊಳಗೆ ಬಾಣ ಸುತ್ತೋ ಬಟನ್ ಇದ್ಯಲ್ಲ, ಅದು ಯಾವಾಗ್ಲೂ ಆನ್ ಇರ್ಬೇಕಾ?

ಅದು ಆನ್ ಇದ್ರೆ ಒಳಗಿನ ಗಾಳಿನೇ ಮತ್ತೆ ಮತ್ತೆ ತಣ್ಣಗಾಗತ್ತೆ, ಆಫ್ ಇದ್ರೆ ಹೊರಗಿಂದ ಹೊಸ ಗಾಳಿ ಬರತ್ತೆ. ಬೇಗ ತಣ್ಣಗಾಗ್ಬೇಕು, ಮುಂದೆ ಹೊಗೆ ಬಿಡೋ ಲಾರಿ ಇದೆ, ಧೂಳಿದೆ, ಆಗ ಆನ್. ಆದ್ರೆ ಐದು ಜನ ಕೂತು ಗಂಟೆಗಟ್ಲೆ ಹಾಗೇ ಹೋದ್ರೆ ಒಳಗೆ ನಾವೇ ಬಿಟ್ಟ ಕಾರ್ಬನ್ ಡೈಆಕ್ಸೈಡ್ ತುಂಬ್ಕೊಂಡು ಎಲ್ರಿಗೂ ತೂಕಡಿಕೆ, ಡ್ರೈವರಿಗೂ ಸೇರಿ. ಲಾಂಗ್ ಡ್ರೈವಲ್ಲಿ ಆಗಾಗ ಆಫ್ ಮಾಡಿ ಹೊಸ ಗಾಳಿ ಬಿಡಿ.

ಬಿಸಿಲಲ್ಲಿ ನಿಂತ ಗಾಡಿಗೆ ಹತ್ತಿದ ತಕ್ಷಣ ಈ ಬಟನ್ ಒತ್ತಬೇಡಿ. ಒಳಗಿನ ಗಾಳಿ ಹೊರಗಿಂತ ಬಿಸಿ ಇರತ್ತೆ, ಮೊದ್ಲು ಗ್ಲಾಸ್ ಇಳಿಸಿ ಸ್ವಲ್ಪ ದೂರ ಓಡಿಸಿ ಆ ಬಿಸಿ ಹೊರಗೆ ಹಾಕಿ, ಆಮೇಲೆ ಆನ್ ಮಾಡಿ.

ಇಂಜಿನ್ ಆನ್ ಇಟ್ಟು ಎಸಿ ಹಾಕ್ಕೊಂಡು ಗ್ಲಾಸ್ ಮುಚ್ಚಿ ಮಲಗೋದು ಬೇಡವೇ ಬೇಡ, ಶೆಡ್ಡಲ್ಲಂತೂ ಬೇಡ. ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗತ್ತೆ.

ಮಳೇಲಿ ಗ್ಲಾಸ್ ಮಂಜಾಗಿ ಏನೂ ಕಾಣಲ್ಲ, ಬಟ್ಟೇಲಿ ಒರೆಸ್ತಾನೇ ಇರ್ಬೇಕು

ಮೊದ್ಲು ಮಂಜು ಒಳಗಿದ್ಯೋ ಹೊರಗಿದ್ಯೋ ಬೆರಳಿಂದ ಎಳೆದು ನೋಡಿ. ಒಳಗಿದ್ರೆ ಎಸಿ ಆನ್, ಸುತ್ತೋ ಬಾಣ ಆಫ್, ಗಾಳಿ ಮುಂದಿನ ಗ್ಲಾಸಿಗೆ. ಎಸಿ ಗಾಳಿಯಲ್ಲಿರೋ ತೇವ ಹೀರ್ಕೊಳ್ಳತ್ತೆ, ಚಳಿ ಆದ್ರೆ ಬಿಸಿ ಕಡೆ ತಿರುಗಿಸ್ಕೊಳ್ಳಿ, ಎಸಿ ಮಾತ್ರ ಆನಲ್ಲೇ ಇರ್ಲಿ. ಹೊರಗಿದ್ರೆ ಎಸಿಯಿಂದ ಗ್ಲಾಸ್ ಜಾಸ್ತಿ ತಣ್ಣಗಾಗಿದೆ ಅಂತ, ವೈಪರ್ ಹಾಕಿ ತಂಪು ಕಮ್ಮಿ ಮಾಡಿ. ಕರಾವಳಿ ಸೆಕೆಯಲ್ಲಿ ಹೊರಗಿನ ಮಂಜೇ ಹೆಚ್ಚು, ಅದು ಗೊತ್ತಿಲ್ದೆ ಒಳಗೆ ಒರೆಸ್ತಾ ಕೂರ್ತಾರೆ. ಹಿಂದಿನ ಗ್ಲಾಸಲ್ಲಿ ಕಾಣೋ ಸಣ್ಣ ಗೆರೆಗಳೇ ಅದ್ರ ಹೀಟರ್, ಅದ್ರ ಮೇಲೆ ಸ್ಟಿಕ್ಕರ್ ಅಂಟಿಸಿ ಕೀಳೋವಾಗ ಗೆರೆ ಕಿತ್ರೆ ಅಲ್ಲಿಗೆ ಮುಗೀತು.

ಎಸಿ ಹಾಕಿದ್ರೆ ಹುಳಿ ವಾಸನೆ, ಪರ್ಫ್ಯೂಮ್ ಇಟ್ರೂ ಹೋಗ್ತಿಲ್ಲ

ಪರ್ಫ್ಯೂಮ್ ಇಟ್ರೆ ಎರಡೂ ವಾಸನೆ ಸೇರಿ ಇನ್ನೂ ವಾಂತಿ ಬರತ್ತೆ. ಬಹುತೇಕ ಕಾರಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಕ್ಯಾಬಿನ್ ಫಿಲ್ಟರ್ ಇರತ್ತೆ. ಬಾಕ್ಸಿನ ಎರಡೂ ಕಡೆ ಒಳಕ್ಕೆ ಒತ್ತಿದ್ರೆ ಅದು ಪೂರ್ತಿ ಕೆಳಗೆ ಬೀಳತ್ತೆ, ಹಿಂದೆ ಉದ್ದನೆಯ ಪ್ಲಾಸ್ಟಿಕ್ ಮುಚ್ಚಳ, ಅದನ್ನ ತೆಗೆದ್ರೆ ಮಡಿಕೆ ಮಡಿಕೆಯ ಫಿಲ್ಟರ್ ಕೈಗೆ ಬರತ್ತೆ. ಬಿಳಿ ಇರ್ಬೇಕಾದ್ದು ಕಪ್ಪಗೆ, ಮಧ್ಯೆ ಒಣ ಎಲೆ, ಕೂದಲು, ಕೆಲವು ಸಲ ಸತ್ತ ಜಿರಳೆನೂ ಸಿಗತ್ತೆ. ಇಷ್ಟು ದಿನ ಉಸಿರಾಡಿದ್ದು ಇದ್ರ ಮೂಲಕಾನೇ. ಬಾಣದ ಗುರುತು ನೋಡ್ಕೊಂಡು ಹೊಸದು ಹಾಕಿ, 10 ರಿಂದ 15 ಸಾವಿರ ಕಿಲೋಮೀಟರಿಗೊಮ್ಮೆ ಬದ್ಲಿಸಿದ್ರೆ ಸಾಕು, ಧೂಳಿನ ರೋಡಾದ್ರೆ ಬೇಗ.

ಆಮೇಲೂ ವಾಸನೆ ಬಂದ್ರೆ ಕೂಲಿಂಗ್ ಕಾಯಿಲ್ ಮೇಲೆ ಬೂಷ್ಟು ಬೆಳೆದಿದೆ. ಮನೆ ತಲುಪೋಕೆ ಎರಡು ಮೂರು ನಿಮಿಷ ಮುಂಚೆ ಎಸಿ ಆಫ್ ಮಾಡಿ ಬರೀ ಫ್ಯಾನ್ ಓಡಿಸಿ, ಕಾಯಿಲ್ ಒಣಗತ್ತೆ, ಬೂಷ್ಟು ಅಷ್ಟು ಬೇಗ ಬರಲ್ಲ.

ಕಾರ್ ಕೆಳಗೆ ನೀರು ತೊಟ್ಟಿಕ್ಕತ್ತೆ, ಲೀಕಾ?

ಎಸಿ ಓಡಿಸಿದ್ಮೇಲೆ ಬಣ್ಣ ಇಲ್ದಿರೋ ನೀರು ತೊಟ್ಟಿಕ್ಕಿದ್ರೆ ಎಸಿ ಸರಿಯಾಗಿದೆ ಅಂತ. ಹಸಿರು, ಕೆಂಪು, ಪಿಂಕ್ ಇದ್ರೆ ಕೂಲಂಟ್, ಅಂದ್ರೆ ಇಂಜಿನ್ ತಣ್ಣಗಿಡೋ ದ್ರವ ಇರಬಹುದು, ತೋರಿಸಿ. ಆ ನೀರು ಹೊರಗೆ ಬೀಳದೆ ಪಕ್ಕದ ಸೀಟಿನ ಕಾಲಡಿ ಮ್ಯಾಟ್ ಒದ್ದೆಯಾಗ್ತಿದ್ರೆ ಡ್ರೈನ್ ಪೈಪ್ ಕಟ್ಕೊಂಡಿದೆ.

ಇಲಿ ವೈರ್ ಕಡಿಯತ್ತೆ, ಹೊಗೆಸೊಪ್ಪು ಇಟ್ರೆ ಹೋಗತ್ತಾ?

ಕೆಲವರಿಗೆ ಹೋಗಿದೆ, ಕೆಲವರ ಗಾಡೀಲಿ ಹೊಗೆಸೊಪ್ಪಿನ ಪಕ್ಕಾನೇ ಗೂಡು ಕಟ್ಟಿದೆ. ವಾಸನೆಗೆ ಇಲಿ ಒಗ್ಗಿಕೊಳ್ಳತ್ತೆ, ಹಾಗಾಗಿ ಯಾವುದನ್ನೇ ಇಟ್ರೂ ಆಗಾಗ ಬದ್ಲಿಸ್ಬೇಕು. ಒಳಗೆ ಬಿಸ್ಕತ್ ಪುಡಿ, ಕಡ್ಲೆಕಾಯಿ ಸಿಪ್ಪೆ ಬಿಡ್ಬೇಡಿ, ಗಾಡಿ ವಾರಗಟ್ಲೆ ಒಂದೇ ಕಡೆ ನಿಲ್ಲಿಸ್ಬೇಡಿ, ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ನಿಂತ ಗಾಡಿಯ ಬೆಚ್ಚಗಿನ ಇಂಜಿನ್ ಅದಕ್ಕೆ ಬಾಣಂತಿ ಕೋಣೆ ಇದ್ದಂಗೆ. ಗಾಳಿ ಬರೋ ದಾರಿಗೆ ತಂತಿ ಜಾಲರಿ ಹಾಕ್ಸೋದು ಎಲ್ಲಕ್ಕಿಂತ ವಾಸಿ.

ಕಂಪನಿ ಮ್ಯಾಟ್ ಗಲೀಜಾಗ್ದೇ ಇರ್ಲಿ ಅಂತ ಅದ್ರ ಮೇಲೆ ಇನ್ನೊಂದು ಮ್ಯಾಟ್ ಹಾಕ್ಬಹುದಾ?

ಡ್ರೈವರ್ ಕಡೆ ಬೇಡ. ಮೇಲಿನ ಮ್ಯಾಟ್ ಜಾರಿ ಆಕ್ಸಿಲರೇಟರ್ ಕೆಳಗೆ ಸಿಕ್ಕಿಹಾಕ್ಕೊಂಡ್ರೆ ಪೆಡಲ್ ವಾಪಸ್ ಬರಲ್ಲ. ಕೆಳಗಡೆ ಕೊಕ್ಕೆ ಇರತ್ತೆ, ಅದಕ್ಕೆ ಸಿಕ್ಕಿಸೋ ಒಂದೇ ಮ್ಯಾಟ್ ಇರ್ಲಿ. ನೀರಿನ ಬಾಟಲಿನೂ ಡ್ರೈವರ್ ಕಾಲಡಿ ಉರುಳೋ ಹಾಗೆ ಇಡ್ಬೇಡಿ.

## ಬೆಲ್ಟು, ಏರ್‌ಬ್ಯಾಗು, ಮಕ್ಕಳು

ಆರು ಏರ್‌ಬ್ಯಾಗ್ ಇರೋ ಕಾರ್ ತಗೊಂಡಿದೀವಿ, ಇನ್ನೂ ಬೆಲ್ಟ್ ಬೇಕಾ?

ಬೇಕು, ಮೊದ್ಲಿಗಿಂತ ಜಾಸ್ತಿ ಬೇಕು. ಏರ್‌ಬ್ಯಾಗ್ ಇರೋದು ಬೆಲ್ಟಿಗೆ ಸಹಾಯ ಮಾಡೋಕೆ. ಗುದ್ದಿದ ಮೇಲೆ ಸೆಕೆಂಡಿನ 20ರಲ್ಲಿ ಒಂದು ಭಾಗದಷ್ಟು ಹೊತ್ತಲ್ಲಿ ಅದು ಉಬ್ಬಿಕೊಳ್ಳತ್ತೆ, ಬೆಲ್ಟ್ ನಿಮ್ಮನ್ನ ಸೀಟಲ್ಲಿ ಹಿಡಿದಿದ್ರೆ ಮುಖ ಹೋಗಿ ಮೆತ್ತನೆ ಚೀಲಕ್ಕೆ ತಾಗತ್ತೆ. ಬೆಲ್ಟ್ ಇಲ್ಲಾಂದ್ರೆ ನೀವು ಮೊದ್ಲೇ ಮುಂದೆ ಹಾರಿರ್ತೀರ, ಅದು ಇನ್ನೂ ಸಿಡೀತಿರೋವಾಗ್ಲೇ ಎದುರಾಗ್ತೀರ, ಆಗ ಕತ್ತು ಉಳಿಯೋದು ಕಷ್ಟ.

ಮೂರು ಕಡೆ ಹಿಡಿಯೋ ಈಗಿನ ಬೆಲ್ಟ್ 1959ರಲ್ಲಿ ವೋಲ್ವೋ ಇಂಜಿನಿಯರ್ ನಿಲ್ಸ್ ಬೋಲಿನ್ ಮಾಡಿದ್ದು, ಇವತ್ತಿಗೂ ಅದನ್ನ ಮೀರಿಸೋದು ಬಂದಿಲ್ಲ. ಕೆಳಗಿನ ಪಟ್ಟಿ ಹೊಟ್ಟೆ ಮೇಲಲ್ಲ, ಸೊಂಟದ ಮೂಳೆ ಮೇಲೆ ಕೂರ್ಬೇಕು. ಗರ್ಭಿಣಿಯರೂ ಹಾಕ್ಬೇಕು, ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ, ಮೇಲಿನದು ಎದೆ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಬರೋ ಹಾಗೆ. ಬೀಪ್ ಸೌಂಡ್ ನಿಲ್ಸೋಕೆ ಬರೀ ಬಕಲ್ ಮಾರ್ತಿದ್ರಲ್ಲ, 2023ರಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಂದ ಅದನ್ನ ತೆಗೆಸಿತು. ಬೀದಿ ಅಂಗಡೀಲಿ ಇನ್ನೂ ಸಿಕ್ರೂ ತಗೋಬೇಡಿ.

ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯನಾ? ಹಾಕಿದ್ರೆ ನಮ್ಮಮ್ಮ ನಗ್ತಾರೆ

ಕಡ್ಡಾಯ, ಹಾಕದಿದ್ರೆ ಸಾವಿರ ರೂಪಾಯಿ ದಂಡ. 2022ರ ಸೆಪ್ಟೆಂಬರಲ್ಲಿ ಮಹಾರಾಷ್ಟ್ರದ ಪಾಲ್ಘರ್ ಹತ್ರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಕೂತಿದ್ದು ಹಿಂದಿನ ಸೀಟಲ್ಲಿ, ಬೆಲ್ಟ್ ಹಾಕಿರ್ಲಿಲ್ಲ. ಹಿಂದಿನವರು ಬೆಲ್ಟ್ ಇಲ್ದೆ ಹಾರಿದ್ರೆ ಮುಂದಿನ ಸೀಟಲ್ಲಿರೋರನ್ನೂ ಜಜ್ಜಿಬಿಡ್ತಾರೆ. ಅಮ್ಮನಿಗೆ ಅದನ್ನೇ ಹೇಳಿ, ನಿನಗೋಸ್ಕರ ಅಲ್ಲ ನನಗೋಸ್ಕರ ಹಾಕ್ಕೋ ಅಂತ, ಸಾಮಾನ್ಯವಾಗಿ ಒಪ್ತಾರೆ. ಇನ್ನು ಸೀಟ್ ಕವರ್ ಹಾಕ್ಸೋವಾಗ ಹಿಂದಿನ ಬಕಲ್‌ಗಳನ್ನ ಕವರ್ ಕೆಳಗೆ ತುರುಕಿಬಿಟ್ಟಿರ್ತಾರೆ, ಮೊದ್ಲು ಅದನ್ನ ಹೊರಗೆ ಎಳೆಸಿ.

ಮಗುನ ಮುಂದಿನ ಸೀಟಲ್ಲಿ ತೊಡೆ ಮೇಲೆ ಕೂರಿಸ್ಕೊಂಡ್ರೆ ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ, ಆಗಲ್ವಾ?

ಆಗಲ್ಲ. 50ರ ಸ್ಪೀಡಲ್ಲಿ ಗುದ್ದಿದಾಗ 10 ಕೆಜಿ ಮಗು ಆ ಕ್ಷಣಕ್ಕೆ ನೂರಾರು ಕೆಜಿ ಎಳೆತದಲ್ಲಿ ಮುಂದೆ ಹೋಗತ್ತೆ, ಯಾವ ಅಪ್ಪ ಅಮ್ಮನ ಕೈಯೂ ಹಿಡಿಯಲ್ಲ. ಅದ್ರ ಮೇಲೆ ಎದುರಿಗೆ ಏರ್‌ಬ್ಯಾಗ್ ಬೇರೆ. ಮಗು ಹಿಂದಿನ ಸೀಟಲ್ಲಿ, ಚೈಲ್ಡ್ ಸೀಟಲ್ಲಿ. ಹಿಂದಿನ ಸೀಟಿನ ಸಂದಿಯಲ್ಲಿ ಕೈ ಹಾಕಿದ್ರೆ ಎರಡು ಕಬ್ಬಿಣದ ಕೊಂಡಿ ಸಿಗತ್ತೆ, ಅದೇ ಐಸೊಫಿಕ್ಸ್, ಚೈಲ್ಡ್ ಸೀಟಿನ ಕೊಕ್ಕೆ ಅಲ್ಲಿ ಟಕ್ ಅಂತ ಕೂರ್ಬೇಕು. ಕೂಸುಗಳಿಗೆ ಹಿಂದಕ್ಕೆ ಮುಖ ಮಾಡೋ ಸೀಟು, ಆ ಸೀಟನ್ನ ಏರ್‌ಬ್ಯಾಗ್ ಇರೋ ಮುಂದಿನ ಜಾಗದಲ್ಲಿ ಯಾವತ್ತೂ ಇಡ್ಬಾರ್ದು. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇರ್ಲೇಬೇಕು ಅಂತ ಕಾನೂನೂ ಹೇಳತ್ತೆ. ಸನ್‌ರೂಫಲ್ಲಿ ತಲೆ ಹೊರಗೆ ಹಾಕಿ ನಿಲ್ಸೋ ಬಗ್ಗೆ ನಾನು ಏನೂ ಹೇಳಲ್ಲ, ಹೇಳಿದ್ರೆ ಬೈಗುಳ ಬರತ್ತೆ.

ಡ್ಯಾಶ್‌ಬೋರ್ಡ್ ಮೇಲೆ ಗಣಪತಿ ಇಡೋದು ತಪ್ಪಾ?

ದೇವರು ತಪ್ಪಲ್ಲ, ಜಾಗ ತಪ್ಪು. ಪಕ್ಕದ ಸೀಟಿನ ಎದುರು ಡ್ಯಾಶ್‌ಬೋರ್ಡಲ್ಲಿ ಏರ್‌ಬ್ಯಾಗ್ ಅಂತ ಸಣ್ಣ ಅಕ್ಷರ ಇರತ್ತೆ, ಅದ್ರ ಸುತ್ತ ಕಣ್ಣಿಗೆ ಸರಿಯಾಗಿ ಕಾಣ್ದಷ್ಟು ತೆಳ್ಳಗೆ ಗೆರೆ. ಆ ಮುಚ್ಚಳ ಸಿಡಿದಾಗ ಅದ್ರ ಮೇಲಿರೋ ಹಿತ್ತಾಳೆ ಮೂರ್ತಿ ಗುಂಡಿನ ಹಾಗೆ ಒಳಗೆ ಬರತ್ತೆ. ಮಧ್ಯಕ್ಕೆ, ಹಗುರವಾದ್ದು, ಚೂಪಿಲ್ದಿರೋದು ಇಡಿ, ಇಲ್ಲಾ ಒಂದು ಸಣ್ಣ ಫೋಟೋ ಸ್ಟಿಕ್ಕರ್ ಹಾಕಿ. ಸ್ಟೇರಿಂಗ್ ಮಧ್ಯದ ಪ್ಯಾಡ್ ಮೇಲೆ ಲೋಹದ ಲೋಗೋ ಅಂಟಿಸೋದೂ ಇದೇ ಜಾತಿ.

ಮುಂದೆ ಕ್ರ್ಯಾಶ್ ಗಾರ್ಡ್, ಒಳಗೆ ಲೆದರ್ ಸೀಟ್ ಕವರ್ ಹಾಕ್ಸಿದ್ರೆ ಸೇಫ್ಟಿ ಜಾಸ್ತಿ ಆಗತ್ತಾ?

ಕಮ್ಮಿ ಆಗತ್ತೆ. ಗಾಡಿಯ ಮುಂಭಾಗ ಕುಸಿಯೋ ಹಾಗೇ ಮಾಡಿರೋದು, ಗುದ್ದಿನ ಏಟನ್ನ ಅದು ನುಂಗ್ಕೊಳ್ಳಲಿ ಅಂತ. ಕಬ್ಬಿಣದ ಗಾರ್ಡ್ ಹಾಕಿದ್ರೆ ಏಟು ನೇರ ಚಾಸಿಗೆ, ಅಂದ್ರೆ ಗಾಡಿಯ ಚೌಕಟ್ಟಿಗೆ ಹೋಗತ್ತೆ, ಏರ್‌ಬ್ಯಾಗ್ ಸೆನ್ಸರಿನ ಲೆಕ್ಕಾನೂ ತಪ್ಪತ್ತೆ, ನಡ್ಕೊಂಡು ಹೋಗೋರಿಗೆ ತಾಗಿದ್ರೆ ಕಾಲು ಪುಡಿ. 2017ರ ಡಿಸೆಂಬರಲ್ಲೇ ಕೇಂದ್ರ ಸಾರಿಗೆ ಇಲಾಖೆ ಇದನ್ನ ತೆಗೆಸಿ ಅಂತ ರಾಜ್ಯಗಳಿಗೆ ಬರೆದಿದೆ.

ಸೈಡ್ ಏರ್‌ಬ್ಯಾಗ್ ಇರೋ ಸೀಟಲ್ಲಿ ಹೊರಗಿನ ಅಂಚಿಗೆ ಸಣ್ಣ ಪಟ್ಟಿ ಹೊಲಿದಿರ್ತಾರೆ. ಅಲ್ಲಿಂದಾನೇ ಅದು ಹರ್ಕೊಂಡು ಬರ್ಬೇಕು. ದಪ್ಪ ಕವರ್ ಹೊದೆಸಿದ್ರೆ ಬರೋ ದಾರಿ ಮುಚ್ಚಿದ ಹಾಗೆ. ಕವರ್ ಬೇಕೇ ಬೇಕು ಅಂದ್ರೆ ಆ ಜಾಗದಲ್ಲಿ ಹರಿಯೋ ಹೊಲಿಗೆ ಇರೋದನ್ನೇ ಕೇಳಿ. ಕಪ್ಪು ಫಿಲ್ಮಿನ ಕಥೆನೂ ಇದೇ, 2012ರಲ್ಲಿ ಸುಪ್ರೀಂ ಕೋರ್ಟ್ ಬೇಡ ಅಂದಿದ್ದು, ಅಂಗಡಿಯವನು ಏನೂ ಆಗಲ್ಲ ಸಾರ್ ಅಂತಾನೆ, ದಂಡ ಕಟ್ಟೋವಾಗ ಅವನು ಇರಲ್ಲ.

5 ಸ್ಟಾರ್ ಇದ್ರೆ ಏನೂ ಆಗಲ್ಲ ಅಲ್ವಾ?

ಕಾರುಗಳನ್ನ ಗುದ್ದಿಸಿ ನೋಡಿ ಸೇಫ್ಟಿಗೆ ಸ್ಟಾರ್ ಕೊಡೋ ನಮ್ಮ ದೇಶದ ಪರೀಕ್ಷೆ ಭಾರತ್ ಎನ್‌ಸಿಎಪಿ, 2023ರ ಅಕ್ಟೋಬರಿಂದ ಜಾರಿಗೆ ಬಂತು. ಅದ್ರಲ್ಲಿ ಮುಂದಿಂದ ಗುದ್ದಿಸೋ ಪರೀಕ್ಷೆ ಮಾಡೋದು ಗಂಟೆಗೆ 64 ಕಿಲೋಮೀಟರಲ್ಲಿ, ಒಳಗಿನ ಬೊಂಬೆಗಳಿಗೆ ಬೆಲ್ಟ್ ಹಾಕಿ. ನೀವು ಮೈಸೂರು ಹೈವೇಲಿ 120ರಲ್ಲಿ ಬೆಲ್ಟ್ ಇಲ್ದೆ ಹೋದ್ರೆ ಆ ಸ್ಟಾರು ನಿಮ್ಮದಲ್ಲ. ದೊಡ್ಡವರಿಗೂ ಮಕ್ಕಳಿಗೂ ಬೇರೆ ಬೇರೆ ಸ್ಟಾರ್ ಕೊಡ್ತಾರೆ, ಎರಡೂ ನೋಡಿ.

## ಇನ್ನೂ ಆಳಕ್ಕೆ

ಜೋರಾಗಿ ಬ್ರೇಕ್ ಒತ್ತಿದ್ರೆ ಪೆಡಲ್ ಗಡಗಡ ಅಂತ ಕಾಲನ್ನ ತಳ್ಳತ್ತೆ

ಅದು ಎಬಿಎಸ್ ಕೆಲಸ ಮಾಡ್ತಿರೋದು. ಗಾಲಿ ಲಾಕ್ ಆಗಿ ಜಾರದ ಹಾಗೆ ಬ್ರೇಕನ್ನ ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿಯತ್ತೆ, ಅದೇ ಕಾಲಿಗೆ ತಾಗೋದು. ಹೆದರಿ ಕಾಲು ತೆಗೀಬೇಡಿ, ಹಳೇ ಕಾಲದ ಡ್ರೈವರ್ ಹೇಳಿಕೊಟ್ಟ ಹಾಗೆ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡ್ಬೇಡಿ. ಪೂರ್ತಿ ಒತ್ತಿ ಹಿಡಿದು ಸ್ಟೇರಿಂಗ್ ತಿರುಗಿಸಿ ತಪ್ಪಿಸ್ಕೊಳ್ಳಿ. ತಿರುಗಿಸೋಕೆ ಆಗೋದೇ ಇದ್ರ ಲಾಭ. ಜಲ್ಲಿ, ಸಡಿಲ ಮಣ್ಣಲ್ಲಿ ನಿಲ್ಲೋ ದೂರ ಕಮ್ಮಿ ಆಗಲ್ಲ, ಜಾಸ್ತಿನೇ ಆಗ್ಬಹುದು.

ಕಾರ್ ಜಾರ್ತಿರೋ ಚಿತ್ರದ ಬಟನ್ ಆಫ್ ಮಾಡಿದ್ರೆ ಪಿಕಪ್ ಬರತ್ತಂತೆ ಹೌದಾ?

ಅದು ಇಎಸ್‌ಸಿ, ಇಲ್ಲಾ ಅದ್ರ ಜೊತೆಗಿರೋ ಟ್ರ್ಯಾಕ್ಷನ್ ಕಂಟ್ರೋಲ್. ನೀವು ಸ್ಟೇರಿಂಗ್ ತಿರುಗಿಸಿದ ಕಡೆ ಗಾಡಿ ಹೋಗ್ತಿಲ್ಲ ಅಂತ ಗೊತ್ತಾದ್ರೆ ಒಂದೊಂದೇ ಗಾಲಿಗೆ ಬ್ರೇಕ್ ಹಾಕಿ ದಾರಿಗೆ ತರತ್ತೆ. ಕೆಸರಲ್ಲಿ ಹೂತು ಹೋದಾಗ ಗಾಲಿ ಸುತ್ತಲಿ ಅಂತ ಮಾತ್ರ ಆಫ್ ಮಾಡಿ, ಹೊರಗೆ ಬಂದ ತಕ್ಷಣ ಆನ್ ಮಾಡಿ.

ಘಾಟಿ ಇಳಿಯೋವಾಗ ನ್ಯೂಟ್ರಲ್ ಹಾಕಿದ್ರೆ ಪೆಟ್ರೋಲ್ ಉಳಿಯತ್ತೆ ಅಂತಾರೆ

ಉಳಿಯಲ್ಲ. ಈಗಿನ ಇಂಜಿನ್‌ಗಳು ಗೇರಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯೋವಾಗ ಇಂಧನವನ್ನೇ ನಿಲ್ಲಿಸ್ತವೆ, ನ್ಯೂಟ್ರಲಲ್ಲಿ ಮಾತ್ರ ಇಂಜಿನ್ ಆರದೆ ಇರೋಕೆ ಕುಡೀತಾನೇ ಇರತ್ತೆ. ಚಾರ್ಮಾಡಿ, ಆಗುಂಬೆ ಥರದ ಕಡೆ ಹತ್ತೋಕೆ ಹಾಕೋ ಗೇರಲ್ಲೇ ಇಳೀರಿ, ಆಟೋಮ್ಯಾಟಿಕ್ ಆದ್ರೆ ಮ್ಯಾನುವಲ್ ಅಥವಾ ಎಲ್ ಮೋಡಿಗೆ ಬನ್ನಿ. ನ್ಯೂಟ್ರಲಲ್ಲಿ ಬರೀ ಬ್ರೇಕ್ ಮೇಲೆ ಇಳಿದ್ರೆ ಪ್ಯಾಡ್ ಕಾದು ಸುಟ್ಟ ವಾಸನೆ ಬರತ್ತೆ, ಆಮೇಲೆ ಬ್ರೇಕ್ ಹಿಡಿಯಲ್ಲ. ಇಂಜಿನ್ನೇ ಆಫ್ ಮಾಡಿ ಇಳಿಯೋರೂ ಇದಾರೆ: ಎರಡು ಮೂರು ಸಲ ಒತ್ತಿದ್ಮೇಲೆ ಪೆಡಲ್ ಕಲ್ಲಾಗತ್ತೆ, ಪವರ್ ಸ್ಟೇರಿಂಗೂ ಹೋಗತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರ್ಕೊಳ್ಳತ್ತೆ, ಎರಡು ವರ್ಷಕ್ಕೊಮ್ಮೆ ಬದ್ಲಿಸಿ, ಮಲೆನಾಡು ಕರಾವಳಿಯವರು ಇದನ್ನ ಮರೀಬೇಡಿ.

ಅಡಾಸ್ ಇರೋ ಗಾಡಿ, ಆಯುಧಪೂಜೆ ಆದ್ಮೇಲೆ ಏನೋ ವಾರ್ನಿಂಗ್ ತೋರಿಸ್ತಿದೆ

ಕುಂಕುಮ ಒರೆಸಿ. ತಮಾಷೆ ಅಲ್ಲ, ಅಡಾಸ್ ಅಂದ್ರೆ ರೋಡ್ ನೋಡ್ಕೊಂಡು ಎಚ್ಚರಿಸೋ, ಬೇಕಾದಾಗ ತಾನೇ ಬ್ರೇಕ್ ಹಾಕೋ ವ್ಯವಸ್ಥೆ. ಕೆಲವು ಗಾಡೀಲಿ ಮುಂದಿನ ಲೋಗೋ ಹಿಂದೆ ಇಲ್ಲಾ ಕೆಳಗಿನ ಬಂಪರಲ್ಲಿ ರೇಡಾರ್ ಇರತ್ತೆ, ಕನ್ನಡಿ ಹಿಂದೆ ಗ್ಲಾಸಿಗೆ ಅಂಟ್ಕೊಂಡು ಕ್ಯಾಮೆರಾ. ಹಾರ, ಗಂಧ ಅದಕ್ಕೆ ಅಡ್ಡ ಬಂದ್ರೆ ಕಣ್ಣು ಕಟ್ಟಿದ ಹಾಗೆ. ಬಾಳೆಕಂದು ಕಟ್ಕೊಂಡು ಊರು ಸುತ್ತೋವಾಗ ಗ್ರಿಲ್ ಮುಚ್ಚಿದ್ರೆ ರೇಡಿಯೇಟರಿಗೆ ಗಾಳಿನೂ ಹೋಗಲ್ಲ. ಪೂಜೆ ಬಂಪರ್ ಪಕ್ಕಕ್ಕೆ ಮಾಡಿ, ಬಾಗಿಲಿಗೆ ಮಾಡಿ.

ಮುಂದಿನ ಗ್ಲಾಸ್ ಬದ್ಲಿಸಿದ್ರೆ ಕ್ಯಾಮೆರಾ ಕ್ಯಾಲಿಬ್ರೇಷನ್, ಅಂದ್ರೆ ಅದ್ರ ನೋಟ ಮತ್ತೆ ಸರಿಹೊಂದಿಸೋದು, ಮಾಡಿಸ್ಲೇಬೇಕು. ನಮ್ಮ ರೋಡಲ್ಲಿ ಬೈಕ್ ಅಡ್ಡ ನುಗ್ಗಿದಾಗ ಗಾಡಿ ತಾನೇ ಬ್ರೇಕ್ ಹಾಕತ್ತೆ, ಹಿಂದೆ ಬರೋ ಟೆಂಪೋದವನಿಗೆ ಅದು ಗೊತ್ತಿರಲ್ಲ. ಸಿಟಿ ಟ್ರಾಫಿಕ್ಕಲ್ಲಿ ವಾರ್ನಿಂಗನ್ನ ಕಮ್ಮಿ ಸೆನ್ಸಿಟಿವಿಟಿಗೆ ಇಟ್ಕೊಳ್ಳಿ, ಲೇನ್ ಹಿಡಿಯೋದನ್ನ ಗೆರೆ ಸರಿಯಾಗಿರೋ ಹೈವೇಗೆ ಬಿಡಿ. ಕೈ ಮಾತ್ರ ಸ್ಟೇರಿಂಗ್ ಬಿಡೋ ಹಾಗಿಲ್ಲ.

ಸ್ಮಾರ್ಟ್ ಕೀ ಬ್ಯಾಟರಿ ಸತ್ರೆ ಕಾರೊಳಗೆ ಹೋಗೋದು ಹೇಗೆ, ಸ್ಟಾರ್ಟ್ ಹೇಗೆ?

ಕೀ ಹೊಟ್ಟೆಯಲ್ಲೇ ಕಬ್ಬಿಣದ ಕೀ ಇರತ್ತೆ, ಪಕ್ಕದ ಸಣ್ಣ ಲಾಕ್ ಒತ್ತಿ ಎಳೀರಿ, ಡ್ರೈವರ್ ಬಾಗಿಲ ಹ್ಯಾಂಡಲ್ ಹತ್ರ ತೂತು ಇರತ್ತೆ, ಕೆಲವು ಗಾಡೀಲಿ ಅದಕ್ಕೆ ಮುಚ್ಚಳ. ಒಳಗೆ ಕೂತು ಬ್ರೇಕ್ ಒತ್ತಿ ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಿ, ಬಹಳಷ್ಟು ಗಾಡಿ ಸ್ಟಾರ್ಟ್ ಆಗತ್ತೆ.

ಅಂಡರ್‌ಪಾಸಲ್ಲಿ ನೀರು ತುಂಬಿದ್ರೆ ಏನ್ ಮಾಡೋದು?

ಆಳ ಗೊತ್ತಿಲ್ದಿದ್ರೆ ಇಳೀಲೇಬೇಡಿ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಲ್ಲಿ ಕಾರ್ ಸಿಕ್ಕಿಹಾಕ್ಕೊಂಡು ಒಬ್ಬ ಯುವತಿ ತೀರಿಕೊಂಡ್ರು, ಅದು ಊರ ಹೊರಗಿನ ಹೊಳೆಯಲ್ಲ, ನಗರದ ಮಧ್ಯೆ. ನೀರು ಏರ್ತಿದೆ ಅನ್ಸಿದ ಕ್ಷಣಾನೇ ಬೆಲ್ಟ್ ಬಿಚ್ಚಿ, ಕರೆಂಟ್ ಇರೋವಾಗ್ಲೇ ಕಿಟಕಿ ಇಳಿಸಿ ಹೊರಗೆ ಬನ್ನಿ, ಬಾಗಿಲು ಒತ್ತಡಕ್ಕೆ ತೆಗೆಯೋಕೆ ಬರಲ್ಲ. ಕಿಟಕಿ ಇಳೀದಿದ್ರೆ ಪಕ್ಕದ ಗ್ಲಾಸಿನ ಮೂಲೆಗೆ ಹೊಡೀರಿ, ಮುಂದಿನ ಗ್ಲಾಸಿಗಲ್ಲ, ಅದ್ರ ನಡುವೆ ಪ್ಲಾಸ್ಟಿಕ್ ಪದರ ಇದೆ, ಒಡೆದ್ರೂ ಬಿಟ್ಕೊಡಲ್ಲ. ಹೆಡ್‌ರೆಸ್ಟ್ ಕಂಬಿಯಿಂದ ಒಡೀಬಹುದು ಅನ್ನೋದನ್ನ ನಂಬ್ಕೊಂಡು ಕೂರ್ಬೇಡಿ, ಒಂದು ಸಣ್ಣ ಗ್ಲಾಸ್ ಒಡೆಯೋ ಸುತ್ತಿಗೆ ತಂದು ಕೈಗೆ ಎಟುಕೋ ಕಡೆ ಇಡಿ, ಡಿಕ್ಕಿಯಲ್ಲಲ್ಲ.

ನೀರಲ್ಲಿ ನಿಂತುಹೋದ ಗಾಡಿನ ಮತ್ತೆ ಸ್ಟಾರ್ಟ್ ಮಾಡೋಕೆ ಹೋಗ್ಬೇಡಿ. ಸಿಲಿಂಡರಿಗೆ ನೀರು ಹೋಗಿದ್ರೆ ಇಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ ಬಗ್ಗತ್ತೆ, ಇನ್ಶೂರೆನ್ಸಲ್ಲಿ ಇಂಜಿನ್ ಪ್ರೊಟೆಕ್ಟ್ ಆಡ್-ಆನ್ ಇಲ್ದಿದ್ರೆ ಆ ಖರ್ಚು ಸಾಮಾನ್ಯವಾಗಿ ನಿಮ್ಮದೇ. ತಳ್ಳಿ ಮೇಲಕ್ಕೆ ತಂದು, ಬ್ಯಾಟರಿ ವೈರ್ ಬಿಚ್ಚಿ, ಟೋಯಿಂಗ್ ಗಾಡಿ ಕರೆಸಿ.